ಮೂಗು ಮುಚ್ಚದವನು

ಎರಡು ಬೇವಿನ ಮರಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಚಂದ್ರರು ಒಣಗುತ್ತಿದ್ದರು.

ಅಲೀಪುರದ ಕಡೆ ಹೋಗುವ ಬಸ್ಸಿನವರಿಗೆ ಹಾಗೇ ಕಂಡಿರಬೇಕು. ಒಬ್ಬರಿಬ್ಬರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಹತ್ತಿರ ಬಂದರೆ ಅವು ಹಳೇ ಪೇಪರಿನ ಹಾಳೆಗಳು, ಅಷ್ಟೆ. ಒಂದೊಂದು ಹಾಳೆಯ ನಡುವೆ ಒಂದೊಂದು ತೊಟ್ಟು ಆಯಿಲ್. ತೊಟ್ಟು ಮೆಲ್ಲಗೆ ಹರಡಿ, ನಡುವೆ ಕಪ್ಪಾಗಿ, ಅದರ ಸುತ್ತ ಬೂದಾಗಿ, ಅಂಚಿನಲ್ಲಿ ತೆಳ್ಳಗೆ ಹಳದಿ ಬಳೆ ತೊಟ್ಟು ನಿಂತಿತ್ತು. ಹಿಂದಿನಿಂದ ಬಿಸಿಲು ಬಿದ್ದಾಗ ಪ್ರತಿ ಹಾಳೆಯಲ್ಲೂ ಹುಣ್ಣಿಮೆ.

ಹಗ್ಗದ ಕೆಳಗೆ ಅತ್ತರ್ ಬಾಬಾಜಾನ್ ಸೈಕಲ್ಲಿಗೆ ಬೆನ್ನು ಕೊಟ್ಟು, ಅರ್ಧ ಕಣ್ಣು ಮುಚ್ಚಿ ಕೂತಿದ್ದ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರಿನ ಮಸೀದಿಗಳ ಮುಂದೆ ಅತ್ತರ್ ಮಾರುತ್ತಿದ್ದ ಬಾಬಾಜಾನನಿಗೆ ಪತ್ತೇದಾರಿಕೆ ತಾನಾಗಿ ಅಂಟಿದ ಕಸುಬು. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ತೇಲಿ ಬಂದ ಒಂದು ಎಳೆ ಗುಲಾಬಿ ವಾಸನೆಯನ್ನು ಹಿಡಿದುಕೊಂಡು, ಹತ್ತೂವರೆ ಮೈಲಿ ಸೈಕಲ್ ತುಳಿದು, ಮದುವೆ ಮನೆಯಿಂದ ಓಡಿಹೋಗಿದ್ದ ಗಂಡನ್ನು ಹುಣಸೆ ಮರದ ಮೇಲಿಂದ ಇಳಿಸಿದವನು ಅವನು. ಇಳಿದ ಗಂಡು ಅವನ ಹತ್ತಿರವೇ ಇನ್ನೊಂದು ಶೀಶೆ ಕೊಂಡುಕೊಂಡ ಎಂದೂ ಹೇಳುತ್ತಾರೆ. ಆ ಮಾತನ್ನು ಹುಟ್ಟುಹಾಕಿದ್ದು ಬಾಬಾಜಾನನೇ ಇರಬಹುದು.

ಶುಕ್ರವಾರ, ಈ ಬೇವಿನ ಮರಗಳ ಹಿಂದಿನ ಆಯಿಲ್ ಫ್ಯಾಕ್ಟರಿಯಲ್ಲಿ ಹಂಡೆ ಉಕ್ಕಿ ಪಾಲುದಾರ ಕೊಂಡಪ್ಪನ ಮೇಲೆ ಬಿದ್ದಿತ್ತು. ಅವನು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ. ಹಂಡೆ ಕಾಯುವ ದಸ್ತಗಿರ್ ಬೇಕಂತಲೇ ಬೆಂಕಿ ಏರಿಸಿಟ್ಟು ಹೋಗಿ ಉಕ್ಕಿಸಿದ ಎಂದು ಪೊಲೀಸರು ಅವನನ್ನು ಹಿಡಿದಿದ್ದರು.

ಇವತ್ತು ಮಹಜರು. ಮಧ್ಯಾಹ್ನ ಕೋರ್ಟು. ಕೋರ್ಟಿಗೆ ಹೋದ ಮೇಲೆ ಜೈಲು. ಅಷ್ಟರೊಳಗೆ ಬೇರೆ ಏನಾದರೂ ಸಿಗಬೇಕು.

"ಚಾಚಾ, ಅವ್ರು ಮಾಡಿಲ್ಲ," ಎಂದು ದಸ್ತಗಿರನ ಹೆಂಡತಿ ನೂರುನ್ನೀಸಾ ನಿನ್ನೆ ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಿದ್ದಳು. "ಬೆಂಕಿ ಜಾಸ್ತಿ ಮಾಡ್ಬೇಡ ಅಂತ ಕೊಂಡಪ್ಪನೋರ ಜತೆ ಜಗಳ ಆಡ್ದೋರೇ ಅವ್ರು."

ಜಗಳ ಆಡಿದ್ದೇ ಈಗ ಮುಳುವಾಗಿತ್ತು. 'ಒಂದಿನ ಇದು ನಿಮ್ಮ ಮೇಲೇ ಉಕ್ತದೆ ನೋಡ್ತಿರಿ' ಎಂದು ದಸ್ತಗಿರ್ ಎಲ್ಲರೆದುರು ಹೇಳಿದ್ದ. ಎಚ್ಚರಿಕೆಯ ಮಾತು, ಪೊಲೀಸರ ಕಿವಿಗೆ ಬೆದರಿಕೆಯಾಗಿ ಬಿತ್ತು. ಅದನ್ನು ಬಿಡಿಸಿ ಹೇಳಬೇಕಾದ ದಸ್ತಗಿರನೋ, ಹಿಡಿದ ಗಳಿಗೆಯಿಂದ ಬಾಯಿ ಬಿಟ್ಟಿರಲಿಲ್ಲ.

ಬಾಬಾಜಾನನನ್ನು ಕಾಡುತ್ತಿದ್ದುದು ಅದೇ. ಮಾಡದವನು ಯಾಕೆ ಸುಮ್ಮನಿದ್ದಾನೆ?

ಫ್ಯಾಕ್ಟರಿಯ ಒಳಗಿಂದ ತೊಟ್ಟಿಕ್ಕುವ ಸದ್ದು ಬರುತ್ತಿತ್ತು. ಆ ಜಾಗವೇ ಒಂದು ಥರ ಮಂಪರು. ಲಾರಿ ಗ್ಯಾರೇಜುಗಳಲ್ಲಿ ಇಂಜಿನ್ನಿನಿಂದ ಇಳಿಸಿ ಬಿಸಾಕುವ ಕರಿ ಆಯಿಲ್ ಇಲ್ಲಿಗೆ ಡ್ರಮ್ಮುಗಳಲ್ಲಿ ಬರುತ್ತದೆ. ತೊಟ್ಟಿಯಲ್ಲಿ ಮಲಗಿಸಿ, ಕೆಸರು ಕೆಳಗಿಳಿದ ಮೇಲೆ ಹಂಡೆಗೆ ಹಾಕಿ ಕಾಯಿಸುತ್ತಾರೆ. ಮೊದಲು ನೀರು ಹಬೆಯಾಗಿ ಹೋಗುತ್ತದೆ. ಆಮೇಲೆ ಪಂಪು ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡಾಗ ಆಯಿಲ್ ತಾನೇ ಆವಿಯಾಗಿ ಕೊಳವೆ ಹತ್ತುತ್ತದೆ, ತಣ್ಣೀರಿನ ತೊಟ್ಟಿ ದಾಟುವಾಗ ಮತ್ತೆ ಆಯಿಲಾಗಿ ಈಚೆ ಇಳಿಯುತ್ತದೆ. ಕಪ್ಪೆಲ್ಲ ಹಂಡೆಯ ತಳದಲ್ಲೇ. ಇಳಿದದ್ದಕ್ಕೆ ಬಿಳೀ ಜೇಡಿಮಣ್ಣು ಕಲಸಿ, ಪ್ರೆಸ್ಸಿನ ದಪ್ಪ ಬಟ್ಟೆಯಲ್ಲಿ ಹಿಂಡಿದರೆ ಉಳಿದ ಬಣ್ಣವನ್ನೂ ಮಣ್ಣು ಕುಡಿದುಕೊಂಡು, ಜೇನುತುಪ್ಪದಂಥ ಆಯಿಲ್ ಈಚೆ ಬರುತ್ತದೆ. ಯಾವ ಲಾರಿ, ಯಾವ ಘಾಟು, ಯಾವ ಡ್ರೈವರನ ಬೈಗುಳ, ಒಂದೂ ಅದಕ್ಕೆ ನೆನಪಿರುವುದಿಲ್ಲ. ಅಂಗಳದ ತುಂಬ ಅದೇ ಜಿಡ್ಡು. ಒಂದು ಸಲ ಅಲ್ಲಿ ಕಾಲು ಜಾರಿದ ಮೇಕೆ ಅಲೀಪುರದವರೆಗೂ ನಿಲ್ಲಲಿಲ್ಲವಂತೆ.

ಬಾಬಾಜಾನನಿಗೆ ಇದೆಲ್ಲ ಹೊಸದಲ್ಲ. ಅವನ ಅಪ್ಪ ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಿಸಿ ಆವಿ ಹಿಡಿಯುತ್ತಿದ್ದ. ಹೂವಾದರೇನು, ಲಾರಿಯಾದರೇನು, ಹಂಡೆಗೆ ಎರಡೂ ಒಂದೇ.

ಅಪ್ಪ ಹೇಳುತ್ತಿದ್ದ ಮಾತು ಇನ್ನೊಂದು: ಬೆಂಕಿ ಹೆಚ್ಚಾದರೆ ಸೀಯುತ್ತದೆ, ಒಳಗೆ ಸೇರಬಾರದ್ದು ಸೇರಿದರೆ ಮಾತ್ರ ನೊರೆ ಬರುತ್ತದೆ. ಶುಕ್ರವಾರ ಹಂಡೆಯಿಂದ ಬಂದದ್ದು ನೊರೆ. ಗೋಡೆಯ ಮೇಲೆ ಈಗಲೂ ಸೋಪು ಕದಡಿದ ಹಾಗೆ ಗುಳ್ಳೆಗುಳ್ಳೆಯಾಗಿ ಒಣಗಿ ನಿಂತಿತ್ತು.

ಅದಕ್ಕೇ ಬೆಳಗ್ಗೆಯೇ ಬಂದು, ಅವತ್ತು ಖಾಲಿ ಮಾಡಿದ್ದ ಡ್ರಮ್ಮುಗಳನ್ನೆಲ್ಲ ಬಗ್ಗಿಸಿ, ಒಂದೊಂದರಿಂದ ಒಂದೊಂದು ತೊಟ್ಟು ಪೇಪರಿಗೆ ಬಿಟ್ಟು ಒಣಹಾಕಿದ್ದ. ಮೂಗು ಹಾಕಿ ನೋಡೋಣವೆಂದರೆ ಕರಿ ಆಯಿಲಿನ ಘಾಟಿಗೆ ಅವನ ಮೂಗು ಹೊಕ್ಕ ಕ್ಷಣಕ್ಕೇ ಮಂಕಾಗಿತ್ತು.

ಬಿಸಿಲು ಏರಿತು. ರೆಪ್ಪೆ ಇನ್ನೂ ಭಾರವಾಯಿತು. ಕನಸೋ ನನಸೋ ಎನ್ನುವ ಹೊತ್ತಿನಲ್ಲಿ ಒಂದು ಚಂದ್ರ ಅಲ್ಲಾಡುತ್ತಿರುವಂತೆ ಕಂಡಿತು.

ಗಾಳಿಯಿಲ್ಲ. ಉಳಿದ ಹಾಳೆಗಳೆಲ್ಲ ಸುಮ್ಮನಿವೆ. ಒಂದೇ ಒಂದರ ಅಂಚು ಮಾತ್ರ ಮಿಸುಕುತ್ತಿದೆ.

ಎದ್ದು ಹೋಗಿ ನೋಡಿದ. ಇರುವೆಗಳು. ಬೇವಿನ ಬುಡದಿಂದ ಹತ್ತಿ, ಹಗ್ಗದ ಮೇಲೆ ಸಾಲುಗಟ್ಟಿ ನಡೆದು, ಎಷ್ಟೋ ಹಾಳೆಗಳನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಆ ಒಂದೇ ಚಂದ್ರನಿಗೆ ಮುತ್ತಿಕೊಂಡಿದ್ದವು.

"ಲಾರಿ ಆಯಿಲ್‌ಗೆ ಇರುವೆ ಬರಲ್ಲ," ಎಂದು ಬಾಬಾಜಾನ್ ತನಗೇ ಹೇಳಿಕೊಂಡ.

ಆ ಹಾಳೆಯನ್ನು ಬಿಚ್ಚಿಕೊಂಡು, ಅಂಗಳ ದಾಟಿ, ದೂರದ ಜೋಳದ ಹೊಲದ ಬದುವಿನ ಮೇಲೆ ಕೂತ. ಮೂಗು ತಿಳಿಯಾಗುವವರೆಗೆ ಉಸಿರಾಡಿದ. ಆಮೇಲೆ ಕಣ್ಣು ಮುಚ್ಚಿ ಹಾಳೆಯನ್ನು ಮೂಗಿಗೆ ಹಿಡಿದ.

ಬದು ಕರಗಿತು. ಸಣ್ಣ ಗಲ್ಲಿಯೊಂದು ಬಂತು. ಗಲ್ಲಿಯ ತುಂಬ ಹಬೆ. ಹಬೆಯೊಳಗೆ ಹೆಂಗಸರು ಸಾಲಾಗಿ ಕೂತಿದ್ದಾರೆ, ಬಿಸಿನೀರಿನಲ್ಲಿ ಬಿಳೀ ಗೂಡುಗಳು ಕುಣಿಯುತ್ತಿವೆ, ಬೆರಳ ತುದಿಯಿಂದ ಕಾಣದ ಎಳೆ ಎದ್ದು ಚರಕಕ್ಕೆ ಹೋಗುತ್ತಿದೆ. ನೂಲು ಮುಗಿದ ಗೂಡಿನಿಂದ ಕಂದು ಹುಳ ಕಳಚಿ ಬೀಳುತ್ತಿದೆ. ಬಿದ್ದ ಹುಳಗಳ ರಾಶಿ, ರಾಶಿಯಿಂದ ಜಿನುಗುವ ಎಣ್ಣೆ, ಹೊಟ್ಟೆ ತೊಳಸುವ ಆ ವಾಸನೆ.

ಶಿಡ್ಲಘಟ್ಟ.

ಕಣ್ಣು ಬಿಟ್ಟಾಗ ಬಾಬಾಜಾನ್ ಓಕರಿಸುತ್ತಿದ್ದ, ನಗುತ್ತಲೂ ಇದ್ದ. ರೇಷ್ಮೆ ಹುಳದ ಎಣ್ಣೆ. ಸೋಪು ಮಾಡುವವರು ಕೊಂಡುಹೋಗುವ ಎಣ್ಣೆ. ಅದು ಹಂಡೆಗೆ ಬಿದ್ದರೆ ನೊರೆಯಲ್ಲದೆ ಇನ್ನೇನು ಬರುತ್ತದೆ.

*

ಆಫೀಸು ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಯಾರಿಗೂ ತಾಗುತ್ತಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಎರ್ರಪ್ಪ ಮಹಜರು ಬರೆಯಲು ಮೇಜಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಫ್ಯಾಕ್ಟರಿ ಮಾಲೀಕ ವೆಂಕಟರವಣಪ್ಪ. ಗೋಡೆಯ ಬದಿ ಬೆಂಚಿನ ಮೇಲೆ ಕಾನ್‌ಸ್ಟೇಬಲ್ ಜೊತೆ ದಸ್ತಗಿರ್, ತಲೆ ತಗ್ಗಿಸಿಕೊಂಡು. ಎದುರಿಗೆ, ಚಿಂತಾಮಣಿಯ ಗ್ಯಾರೇಜುಗಳಿಂದ ಲಾರಿಯಲ್ಲಿ ಡ್ರಮ್ಮು ಹೊತ್ತು ತರುವ ಆವುಲಪ್ಪ. ಬಾಗಿಲ ಹೊಸ್ತಿಲ ಆಚೆ ನೂರುನ್ನೀಸಾ ಗಂಡನಿಗೆ ಊಟದ ಡಬ್ಬಿ ತಂದು ಕೂತಿದ್ದಳು. ಅವಳೂ ಇದೇ ಫ್ಯಾಕ್ಟರಿಯವಳು. ಪ್ರೆಸ್ಸಿನ ಬಟ್ಟೆಗೆ ಅಂಟಿದ ಮಣ್ಣು ಕೆರೆದು ಒಗೆಯುವುದು ಅವಳ ಕೆಲಸ.

ಬಾಬಾಜಾನ್ ಟೀ, ಬನ್ನು ತರಿಸಿದ್ದ. ಎಲ್ಲರಿಗೂ ಕೊಡುವ ನೆಪದಲ್ಲಿ ಮೇಜಿನ ಕೆಳಗೆ ಒಂದು ತಗಡಿನ ಡಬ್ಬ ಇಟ್ಟು, ಕಾಲಿನಿಂದಲೇ ಅದರ ಮುಚ್ಚಳ ಸರಿಸಿದ.

"ಏನು ಸಾಬ್ರೇ, ಹಗ್ಗದ ಮೇಲೆ ಪೇಪರ್ ಒಣಗಾಕಿದ್ರಂತೆ," ಎಂದರು ಎರ್ರಪ್ಪ. "ಓದೋಕೆ ಮುಂಚೆ ಒಗೀತೀರೇನು?"

"ಸುಳ್ಳೆಲ್ಲ ಹೋಗ್ಲಿ ಅಂತ ಸಾರ್."

ಕಾನ್‌ಸ್ಟೇಬಲ್ ಕಿಸಕ್ಕೆಂದ. ಆಮೇಲೆ ಅವನ ಮುಖ ಸೊಟ್ಟಗಾಯಿತು. ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

"ಏನ್ರೀ ಇದು ಗಬ್ಬು," ಎಂದು ವೆಂಕಟರವಣಪ್ಪ ಪಂಚೆಯ ತುದಿ ಮೂಗಿಗೆ ಹಿಡಿದರು. "ಎಲ್ಲೋ ಹೆಗ್ಗಣ ಸತ್ತೈತೆ."

"ಹೆಗ್ಗಣ ಅಲ್ಲ, ಆನೆ ಸತ್ತಿರ್ಬೇಕು," ಎಂದು ಎರ್ರಪ್ಪ ಟೋಪಿಯಿಂದಲೇ ಮುಖ ಮುಚ್ಚಿಕೊಂಡರು. ತಲೆ ಎತ್ತದೆ ಕೂತಿದ್ದ ದಸ್ತಗಿರ್ ಕೂಡ ಹೆಗಲ ಮೇಲಿನ ಟವಲ್ ಎಳೆದುಕೊಂಡು ಮೂಗಿಗೆ ಹಿಡಿದ.

ಆವುಲಪ್ಪ ಬನ್ನನ್ನು ಟೀಯಲ್ಲಿ ಅದ್ದಿದ. ಬಾಯಿಗಿಟ್ಟುಕೊಂಡ. ನಿಧಾನಕ್ಕೆ ಅಗಿದ.

ಬಾಬಾಜಾನ್ ಕರ್ಚೀಫಿನ ಹಿಂದಿನಿಂದ ಅವನನ್ನೇ ನೋಡುತ್ತಿದ್ದ. ಎಂಥ ಶಾಂತ ಮುಖ. ಆ ಮುಖದ ಸುತ್ತ ಆ ವಾಸನೆ ಮಂಜಿನ ಹಾಗೆ ಸುಳಿಯುತ್ತಿದ್ದರೂ ಒಂದು ನೊಣ ಕೂತಷ್ಟೂ ಅಲುಗಾಟವಿಲ್ಲ.

"ಆವುಲಪ್ಪಣ್ಣ, ನಿಮ್ಮೂರು ಯಾವ್ದು ಅಂದ್ರಿ?"

"ಚಿಂತಾಮಣಿ. ಅವತ್ತೇ ಹೇಳಿದ್ನಲ್ಲ."

"ಶಿಡ್ಲಘಟ್ಟದಾಗೆ ಗಾಡಿ ನಿಲ್ಸಲ್ವಾ?"

"ಲೇದು, ಇಲ್ಲ ಸಾಬ್ರೇ. ಅದರ ಮೇಲಾಸಿ ಬರ್ಬೇಕು, ದಾರಿ ಅದೇ. ನಿಲ್ಸೋಕೆ ನಂಗೇನೈತೆ ಅಲ್ಲಿ?"

"ನಿಮ್ಮ ಮೂಗೈತೆ."

ಆವುಲಪ್ಪನ ಕೈಯ ಬನ್ನು ಟೀಯೊಳಗೆ ಮುರಿದುಬಿತ್ತು.

ಬಾಬಾಜಾನ್ ಬಗ್ಗಿ ಡಬ್ಬವನ್ನು ಮೇಲೆತ್ತಿ ಮೇಜಿನ ಮೇಲೆ ಇಟ್ಟ. ಎರ್ರಪ್ಪ ಕುರ್ಚಿಸಮೇತ ಹಿಂದೆ ಸರಿದರು.

"ಸಾರ್, ಇದು ಹುಳದ ಎಣ್ಣೆ. ರೇಷ್ಮೆ ಗೂಡಿಂದು. ಶುಕ್ರವಾರ ಬಂದ ಒಂದು ಡ್ರಮ್ಮಿನ ತಳದಾಗೆ ಸಿಕ್ತು. ಹಂಡೆ ಉಕ್ಕಿದ್ದು ಬೆಂಕಿಯಿಂದಲ್ಲ, ಇದರಿಂದ. ಇದು ಕಾದ್ರೆ ಸೋಪಿನ ನೊರೆ ಆಯ್ತದೆ. ಗೋಡೆ ನೋಡಿ ಬೇಕಾದ್ರೆ."

"ಅಂಗಂದ್ರೆ?"

"ಇಲ್ಲಿ ಕೂತಿರೋ ಎಲ್ರೂ ಮೂಗು ಮುಚ್ಕೊಂಡ್ರಿ. ನಾನು ಅತ್ತರ್ ಮಾರೋನು, ನಂಗೇ ತಡೆಯೋಕಾಗ್ತಿಲ್ಲ. ಆವುಲಪ್ಪಣ್ಣ ಒಬ್ರು ಬನ್ನು ತಿಂತಾವ್ರೆ. ಈ ವಾಸ್ನೇಲಿ ಯಾರಿಗೆ ತಿಂಡಿ ಸೇರ್ತದೆ ಹೇಳಿ. ಶಿಡ್ಲಘಟ್ಟದ ಗೂಡು ಬೇಯಿಸೋ ಮನೇಲಿ ಹುಟ್ಟಿ ಬೆಳೆದೋರಿಗೆ. ಅವ್ರಿಗೆ ಇದು ವಾಸ್ನೇನೇ ಅಲ್ಲ. ನಮಗೆ ಗಾಳಿ ಹೆಂಗೋ ಹಂಗೆ."

ಫ್ಯಾನು ಎರಡು ಸುತ್ತು ಕಿರುಗುಟ್ಟಿತು. ವೆಂಕಟರವಣಪ್ಪ ಪಂಚೆಯೊಳಗಿಂದಲೇ ಆವುಲಪ್ಪನನ್ನು ದಿಟ್ಟಿಸಿದರು.

"ನಿಂಗೆ ನಿಜವಾಗ್ಲೂ ಬರ್ತಿಲ್ವೇನೋ?"

ಆವುಲಪ್ಪ ಡಬ್ಬವನ್ನು ಹತ್ತಿರ ಎಳೆದುಕೊಂಡು ಮೂಸಿದ. ಅವನ ಮುಖದಲ್ಲಿ ಬಂದದ್ದು ಹೇಸಿಗೆಯಲ್ಲ. ದೂರದ ಯಾರೋ ಹೆಸರು ಹಿಡಿದು ಕರೆದ ಹಾಗೆ ಒಂದು ಮಂಕು.

"ನಮ್ಮಮ್ಮನ ಸೆರಗು ಹಿಂಗೇ ಇರ್ತಿತ್ತು," ಎಂದ. ಡಬ್ಬವನ್ನು ಮೆಲ್ಲಗೆ ಆಚೆ ಸರಿಸಿದ. "ಆಯ್ತು ಸಾಬ್ರೇ. ಶಿಡ್ಲಘಟ್ಟದೋನೇ. ಮದುವೆ ಆಗಿ ಚಿಂತಾಮಣಿ ಸೇರ್ದೆ. ಲಾರಿಗೆ ಡ್ರಮ್ಮು ಕಮ್ಮಿ ಬಿದ್ದಿತ್ತು ಅವತ್ತು. ದಾರೀಲಿ ಒಬ್ರು ಎಣ್ಣೆ ಐತೆ ತಗೊಂಡೋಗು ಅಂದ್ರು. ಕಪ್ಪುಗಿತ್ತು, ಜಿಡ್ಡಿತ್ತು. ಎಣ್ಣೆ ಎಣ್ಣೇನೇ ಅಂತ ಹಾಕ್ಕೊಂಡ್ಬಂದೆ. ಹಿಂಗಾಯ್ತದೆ ಅಂತ ಯಾರಿಗ್ಗೊತ್ತು?"

ಬಾಬಾಜಾನ್ ಕರ್ಚೀಫು ಮಡಚಿದ. ಒಳಗೊಳಗೇ ಒಂದು ಸಣ್ಣ ತುತ್ತೂರಿ ಊದುತ್ತಿತ್ತು. ಹೊಸ್ತಿಲ ಕಡೆಯಿಂದ ಡಬ್ಬಿ ಬಿಚ್ಚುವ ಸದ್ದು ಬಂತು. ನೂರುನ್ನೀಸಾಗೂ ಧೈರ್ಯ ಬಂದಿರಬೇಕು ಎಂದುಕೊಂಡ.

"ದಸ್ತಗಿರನ್ನ ಬಿಟ್ಬಿಡಿ ಸಾರ್. ಮನೆಗೋಗಿ ಉಣ್ಲಿ."

"ನಿಂತ್ಕೊಳ್ರೀ," ಎಂದರು ಎರ್ರಪ್ಪ. ಟೋಪಿ ಇನ್ನೂ ಮುಖದ ಮೇಲೇ ಇತ್ತು, ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. "ತಂದೋನು ಇವ್ನು. ಸರಿ. ಹಂಡೆಗೆ ಸುರಿದೋನು ಯಾರು? ಡ್ರಮ್ಮು ಮುಟ್ಟೋದು ದಸ್ತಗಿರ್ ಒಬ್ನೇ ಅಂತ ಮಾಲೀಕರೇ ಹೇಳಿಕೆ ಕೊಟ್ಟವ್ರೆ."

"ಹೌದು, ಅವ್ನ್ ಬಿಟ್ರೆ ಯಾರೂ ಮುಟ್ಟಂಗಿಲ್ಲ," ಎಂದರು ವೆಂಕಟರವಣಪ್ಪ.

"ಅವ್ನಿಗೆ ಮೂಗೈತೆ. ಈಗ ತಾನೆ ನೀವೇ ತೋರಿಸಿದ್ರಿ ಸಾಬ್ರೇ, ಟವಲ್ ಇಟ್ಕೊಂಡವ್ನೆ. ಇಷ್ಟು ಗಬ್ಬು ಹೊಡೆಯೋದನ್ನ ಗೊತ್ತಾಗದಂಗೆ ಸುರಿಯೋಕಾಗಲ್ಲ. ಗೊತ್ತಿದ್ದೇ ಸುರಿದವ್ನೆ. ನಂಗೆ ಬೆಂಕಿಗಿಂತ ಇದೇ ಗಟ್ಟಿ ಸಾಕ್ಷಿ ಆಯ್ತು ನೋಡಿ."

ತುತ್ತೂರಿ ನಿಂತಿತು. ಬಿಡಿಸಲು ಎಳೆದ ಗಂಟು ಕೈಯಲ್ಲೇ ಬಿಗಿಯಾಗಿತ್ತು.

"ಇಲ್ಲ ಸಾರ್," ಎಂದ ಬಾಬಾಜಾನ್, ತಡವರಿಸುತ್ತ. "ಹಂಡೆ ತುಂಬಿಸೋ ಹೊತ್ತಿಗೆ ದಸ್ತಗಿರ್ ಜುಮ್ಮಾ ನಮಾಜಿಗೆ ಬಂದಿದ್ದ. ಮಸೀದಿ ಬಾಗ್ಲಾಗೆ ಅವ್ನ ಕೈಗೆ ಅತ್ತರ್ ಹಚ್ಚಿದ್ದು ನಾನೇ. ಸುರಿದಿದ್ದು ಅವ್ನಲ್ಲ. ವಾಸ್ನೆ ಗೊತ್ತಾಗದೆ ಸುರಿದಿರೋದು ಅಂದ್ರೆ," ಅವನ ಬೆರಳು ಆವುಲಪ್ಪನ ಕಡೆ ತಿರುಗಿತು, "ಮೂಗಿಲ್ದಿರೋರು ಇವ್ರೊಬ್ರೇ."

"ಅದಿ ಕಾದು, ಅದಲ್ಲ ಸಾಬ್ರೇ," ಎಂದ ಆವುಲಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಗೇಟ್ ಹತ್ರ ಇಳಿಸಿ, ಟೈರ್ ಪಂಚರ್ ಹಾಕ್ಸೋಕೆ ಟೌನಿಗೋದೆ. ಯಜಮಾನ್ರೂ ನನ್ನ ಜತೆ ಲಾರಿ ಹತ್ತಿದ್ರು."

ವೆಂಕಟರವಣಪ್ಪ ಬೇಡದ ಮನಸ್ಸಿನಿಂದ ತಲೆಯಾಡಿಸಿದರು. "ಬ್ಯಾಂಕಿಗೆ ಹೋಗಿದ್ದೆ. ಹೌದು. ಇಲ್ಲಿ ಕೊಂಡಪ್ಪ ಒಬ್ನೇ ಇದ್ದ. ಅವಸರದೋನು."

"ಮತ್ತೆ ಯಾರ್ರೀ ಸುರಿದ್ರು?" ಎಂದರು ಎರ್ರಪ್ಪ.

ಆವುಲಪ್ಪ ಬಾಗಿಲ ಕಡೆ ನೋಡಿದ. ನೋಡಬಾರದಿತ್ತು ಎಂಬಂತೆ ಕೂಡಲೇ ಕಣ್ಣು ಕೆಳಗಿಳಿಸಿದ. ಆದರೆ ಅಷ್ಟು ಸಾಕಾಯಿತು. ಬಾಬಾಜಾನ್ ತಿರುಗಿದ. ಎರ್ರಪ್ಪ ತಿರುಗಿದರು. ಕಾನ್‌ಸ್ಟೇಬಲ್ ಕೂಡ.

ಹೊಸ್ತಿಲ ಆಚೆ, ಬಿಸಿಲಿಗೆ ಬೆನ್ನು ಮಾಡಿ ಕೂತ ನೂರುನ್ನೀಸಾ ತಟ್ಟೆಗೆ ಅನ್ನ ಬಡಿಸಿಕೊಂಡು, ಸಾರು ಬಿಟ್ಟು, ಗಂಡನಿಗೆ ತುತ್ತು ಕಲಸುತ್ತಿದ್ದಳು. ಸೆರಗು ತಲೆಯ ಮೇಲಿತ್ತು. ಮೂಗಿನ ಮೇಲೆ ಏನೂ ಇರಲಿಲ್ಲ. ಉಪ್ಪು ಸರಿಯಿದೆಯೇ ಎಂದು ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿದಾಗ ಅವಳ ಕೈ ನಿಂತಿತು.

"ನಮ್ಮ ಗಲ್ಲಿ ಹುಡುಗಿ," ಎಂದ ಆವುಲಪ್ಪ ನೆಲ ನೋಡುತ್ತ. "ನಮ್ಮಮ್ಮ, ಅವ್ರಮ್ಮ ಒಂದೇ ಒಲೆ ಮುಂದೆ ಕೂತು ಗೂಡು ಬೇಯಿಸ್ತಿದ್ರು. ನಾನು ಹೇಳ್ಬಾರ್ದು ಅಂತಿದ್ದೆ ಕಣಮ್ಮ."

ಬಾಬಾಜಾನ್ ನಿನ್ನೆ ಅವಳ ಮನೆಯಲ್ಲಿ ಉಂಡಿದ್ದ. ಅವಳ ಕಣ್ಣೀರು ನೋಡಿದ್ದ. ಅಮ್ಮನ ಮನೆ ಯಾವ ಊರಮ್ಮ ಎಂದು ಒಂದು ಮಾತು ಕೇಳಿರಲಿಲ್ಲ. ಬಟ್ಟೆ ಕೆರೆಯುವ ಹೆಂಗಸು ಡ್ರಮ್ಮು ಮುಟ್ಟಿರಬಹುದೆಂದು ಅವನೂ ಎಣಿಸಲಿಲ್ಲ, ಇನ್ನು ಯಾರೂ ಎಣಿಸಲಿಲ್ಲ.

"ಬೇಟಿ," ಎಂದ. "ಈ ಡಬ್ಬದ ವಾಸ್ನೆ ನಿಂಗೆ ಬರ್ತಾ ಐತಾ?"

ನೂರುನ್ನೀಸಾ ಮೂಗರಳಿಸಿದಳು. ಮುಗ್ಧವಾಗಿ, ಮಕ್ಕಳು ಮಲ್ಲಿಗೆ ಹುಡುಕುವ ಹಾಗೆ.

"ಯಾವ ವಾಸ್ನೆ ಚಾಚಾ?"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿಯಿತು. ಮೂಗು ಮುಚ್ಚಿಕೊಂಡ ಒಂದೊಂದೇ ಮುಖವನ್ನು ನೋಡುತ್ತ ಬಂದಳು. ಪಂಚೆ, ಟೋಪಿ, ಕರ್ಚೀಫು. ಕೊನೆಗೆ ಗಂಡನ ಟವಲ್. ಅಲ್ಲಿಗೆ ಬಂದು ಅವಳ ನೋಟ ನಿಂತಿತು. ಶುಕ್ರವಾರ ಕೊಂಡಪ್ಪನ ಅವಸರಕ್ಕೆ ತಾನು ಡ್ರಮ್ಮು ಬಗ್ಗಿಸಿದ್ದು, ನಮಾಜು ಮುಗಿಸಿ ಬಂದ ಗಂಡ ಉಕ್ಕಿದ ಹಂಡೆಯ ಹತ್ತಿರ ಹೋಗಿ ಒಂದು ಗಳಿಗೆ ಕಲ್ಲಾಗಿ ನಿಂತದ್ದು, ತನ್ನ ಕಡೆ ತಿರುಗಿ ನೋಡಿದ್ದು, ಅವತ್ತಿನಿಂದ ಒಂದು ಮಾತೂ ಆಡದೆ ಉಳಿದದ್ದು, ಎಲ್ಲ ಅವಳ ಕಣ್ಣಲ್ಲಿ ಒಂದರ ಹಿಂದೊಂದು ಬಂದು ಕೂತವು.

"ಏನಮ್ಮ," ಎಂದರು ಎರ್ರಪ್ಪ, "ಅವತ್ತು ಮಧ್ಯಾಹ್ನ ಡ್ರಮ್ಮನ್ನ..."

"ನಾನು ಸಾರ್."

ಮಾತು ಬಂದದ್ದು ಬೆಂಚಿನಿಂದ. ಇಷ್ಟು ದಿನ ಬಾಯಿ ಬಿಡದಿದ್ದ ದಸ್ತಗಿರನ ದನಿ ತುಕ್ಕು ಹಿಡಿದ ಬಾಗಿಲಿನಂತಿತ್ತು.

"ಸುರಿದಿದ್ದು ನಾನೇ. ನಮಾಜಿಗೆ ಹೋಗೋಕೆ ಮುಂಚೆ ಸುರಿದೆ. ಬೇಕಂತ ಅಲ್ಲ. ವಾಸ್ನೆ ಬರ್ಲಿಲ್ಲ ನಂಗೆ."

ಟವಲ್ ಮೂಗಿಗೆ ಬಿಗಿಯಾಗಿ ಒತ್ತಿಕೊಂಡೇ ಅವನು ಇದನ್ನೆಲ್ಲ ಹೇಳಿದ.

ಕಾನ್‌ಸ್ಟೇಬಲ್ ನಗಲು ಹೋದವನು ಸಾಹೇಬರ ಮುಖ ನೋಡಿ ಸುಮ್ಮನಾದ. ಎರ್ರಪ್ಪ ಪೆನ್ನಿನ ಮುಚ್ಚಳ ತೆಗೆದು, ಬಹಳ ಹೊತ್ತು ದಸ್ತಗಿರನನ್ನು ನೋಡಿದರು.

"ಟವಲ್ ತೆಗೆದು ಹೇಳಪ್ಪ."

ದಸ್ತಗಿರ್ ಟವಲ್ ಇಳಿಸಿದ. ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಮೇಜಿನ ಮೇಲಿದ್ದ ಡಬ್ಬದ ಕಡೆ ಬಗ್ಗಿ, ಗುಲಾಬಿ ಶೀಶೆ ಮೂಸುವವನಂತೆ ಎದೆ ತುಂಬ ಉಸಿರು ಎಳೆದುಕೊಂಡ. ಹುಬ್ಬು ಗಂಟಾಗಲಿಲ್ಲ. ತುಟಿ ಸೊಟ್ಟಗಾಗಲಿಲ್ಲ. ಗಂಟಲ ನರ ಮಾತ್ರ ಹಗ್ಗದಂತೆ ಎದ್ದು ನಿಂತಿತು, ಎರಡೂ ಕಣ್ಣಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು.

"ಬರ್ತಾ ಇಲ್ಲ ಸಾರ್," ಎಂದ. "ಬರ್ಕೊಳ್ಳಿ."

ಎರ್ರಪ್ಪನವರ ಪೆನ್ನು ಕಾಗದಕ್ಕೆ ತಾಗಿತು.

ಹೊಸ್ತಿಲ ಆಚೆ ನೂರುನ್ನೀಸಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಲಸಿದ ಕೈಯನ್ನು ತೊಳೆಯದೆಯೇ, ಎದ್ದು ನಿಂತಳು.